ಟೇಬಲ್ ಹಾಕಲಾ, ಚಾರ್ಟ್ ಹಾಕಲಾ?

ಅಂಗಡಿ, ಸಣ್ಣ ಕಂಪನಿಗಳ ಲೆಕ್ಕ ನೋಡುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: ಮಾಲೀಕರಿಗೆ ತಿಂಗಳ ರಿಪೋರ್ಟ್ ಕೊಡಬೇಕು, ಟೇಬಲ್ ಹಾಕಲಾ, ಚಾರ್ಟ್ ಹಾಕಲಾ?

ಓದುವವರಿಗೆ ನಿಖರವಾದ ಅಂಕಿ ಬೇಕಿದ್ದರೆ ಟೇಬಲ್. ವ್ಯಾಪಾರ ಏರಿತಾ ಇಳಿಯಿತಾ ಅಂತ ಕಾಣಬೇಕಿದ್ದರೆ ಚಾರ್ಟ್. ಬಾಕಿ ಪಟ್ಟಿಯನ್ನು ಚಾರ್ಟ್ ಮಾಡಿದರೆ ವಸೂಲಿಗೆ ಫೋನ್ ಮಾಡುವವರಿಗೆ ಏನು ಉಪಯೋಗ? ಅವರಿಗೆ ಬೇಕಾದದ್ದು ಪಾರ್ಟಿಯ ಹೆಸರು, ಮೊತ್ತ, ಎಷ್ಟು ದಿನದ ಬಾಕಿ, ಅಷ್ಟೇ.

ಆದರೆ ಅದಕ್ಕೂ ಮೊದಲು, ಯಾವುದನ್ನು ಯಾವುದರ ಜೊತೆ ಹೋಲಿಸುತ್ತಿದ್ದೀರಿ ಅಂತ ನೋಡಿ. ಎಷ್ಟೋ ರಿಪೋರ್ಟ್‌ಗಳು ದಾರಿ ತಪ್ಪುವುದು ಇಲ್ಲೇ. ಬಟ್ಟೆ ಅಂಗಡಿಯನ್ನೇ ತಗೊಳ್ಳಿ. 2023ರಲ್ಲಿ ದೀಪಾವಳಿ ಬಂದದ್ದು ನವೆಂಬರ್ 12ರ ಸುಮಾರಿಗೆ, 2024ರಲ್ಲಿ ಅಕ್ಟೋಬರ್ ಕೊನೆಗೆ, 2025ರಲ್ಲಿ ಅಕ್ಟೋಬರ್ 20ರ ಸುಮಾರಿಗೆ. ಹಾಗಾಗಿ ತಿಂಗಳಿಗೆ ತಿಂಗಳು ಹೋಲಿಸಿದರೆ 2024ರ ಅಕ್ಟೋಬರ್ ಭರ್ಜರಿಯಾಗಿಯೂ ನವೆಂಬರ್ ಪೂರ್ತಿ ಬಿದ್ದಂತೆಯೂ ಕಾಣಬಹುದು, ನಿಜದಲ್ಲಿ ಹಬ್ಬದ ವ್ಯಾಪಾರ ಒಂದು ತಿಂಗಳಿಂದ ಇನ್ನೊಂದಕ್ಕೆ ಸರಿದಿರುತ್ತದೆ ಅಷ್ಟೇ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಅದಕ್ಕೇ ಹಬ್ಬಗಳು ವರ್ಷಕ್ಕೆ ಹನ್ನೊಂದು ದಿನದಷ್ಟು ಮುಂಚೆ ಬರುತ್ತವೆ, ಅಧಿಕ ಮಾಸ ಬಂದಾಗ ಮತ್ತೆ ತಡವಾಗುತ್ತವೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ದೀಪಾವಳಿ ನವೆಂಬರ್ 8ಕ್ಕೆ ಹೋಗಿದೆ. ಎಕ್ಸೆಲ್‌ನಲ್ಲಿ ಬಿಲ್‌ಗಳನ್ನು ತಿಂಗಳವಾರು ಕೂಡಿಸಿ ಕೊಡುವ ಪಿವೋಟ್ ಟೇಬಲ್‌ಗೆ ಪಂಚಾಂಗ ಗೊತ್ತಿಲ್ಲ, ನಾವೇ ಹೇಳಿಕೊಡಬೇಕು. ಬಿಲ್‌ಗಳ ಶೀಟಿನಲ್ಲಿ ಒಂದು ಕಾಲಂ ಸೇರಿಸಿ, ಆ ವರ್ಷದ ದೀಪಾವಳಿ ತಾರೀಖಿನಿಂದ ಬಿಲ್ ತಾರೀಖು ಕಳೆದು ಏಳರಿಂದ ಭಾಗಿಸಿ. ಹಬ್ಬಕ್ಕೆ ಇನ್ನೆಷ್ಟು ವಾರ ಅಂತ ಸಿಗುತ್ತದೆ. ಆ ವಾರಗಳನ್ನು ಚಾರ್ಟಿನ ಅಡಿಗೆರೆಯಲ್ಲಿಟ್ಟು ಎರಡು ವರ್ಷದ ವ್ಯಾಪಾರದ ಗೆರೆಗಳನ್ನು ಒಂದೇ ಚಾರ್ಟಿನಲ್ಲಿ ಹಾಕಿದರೆ ಈ ಸಲದ ವ್ಯಾಪಾರ ಜಾಸ್ತಿಯಾ ಕಡಿಮೆಯಾ ಅಂತ ನೋಡಿದ ತಕ್ಷಣ ತಿಳಿಯುತ್ತದೆ.

ಬಾರ್ ಚಾರ್ಟ್ ಹಾಕುವುದಾದರೆ ಸೊನ್ನೆಯಿಂದಲೇ ಶುರುಮಾಡಿ, ಇದರಲ್ಲಿ ನಾನು ರಾಜಿಯಾಗುವುದೇ ಇಲ್ಲ. ಹೋದ ವರ್ಷ 40 ಲಕ್ಷ, ಈ ವರ್ಷ 42 ಲಕ್ಷ ಅಂದುಕೊಳ್ಳಿ. ಬುಡವನ್ನು 38 ಲಕ್ಷಕ್ಕೆ ಇಟ್ಟರೆ ಎರಡನೇ ಬಾರ್ ಮೊದಲನೆಯದರ ದುಪ್ಪಟ್ಟು ಎತ್ತರವಾಗುತ್ತದೆ. ಹೆಚ್ಚಾಗಿರುವುದು ಶೇ. 5 ಮಾತ್ರ! ಅದನ್ನು ನಂಬಿ ಮಾಲೀಕರು ಸ್ಟಾಕ್ ತರಿಸಿಬಿಟ್ಟರೆ ಹೊರೆ ಅವರ ತಲೆ ಮೇಲೆ ತಾನೇ?

ಪೈ ಚಾರ್ಟ್ ಎಲ್ಲರಿಗೂ ಇಷ್ಟ. 1801ರಲ್ಲಿ ವಿಲಿಯಂ ಪ್ಲೇಫೇರ್ ಅಂಥದ್ದನ್ನು ಅಚ್ಚು ಹಾಕಿಸಿದಾಗಿನಿಂದ ಬಳಕೆಯಲ್ಲಿದೆ. ಎರಡು ಮೂರು ಭಾಗಗಳಿದ್ದರೆ ಪರವಾಗಿಲ್ಲ. ಒಂಬತ್ತು ಬ್ರಾಂಚ್‌ಗಳ ವ್ಯಾಪಾರವನ್ನು ಅದರಲ್ಲಿ ತುಂಬಬೇಡಿ. ಕೋನಗಳಿಗಿಂತ ಒಂದೇ ಬುಡದಿಂದ ಎದ್ದ ಉದ್ದಗಳನ್ನು ನಮ್ಮ ಕಣ್ಣು ಸರಿಯಾಗಿ ಅಳೆಯುತ್ತದೆ, ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಎಂಬ ಸಂಶೋಧಕರು 1984ರಲ್ಲೇ ಜನರ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ್ದಾರೆ. ಬ್ರಾಂಚ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಅಡ್ಡ ಬಾರ್ ಹಾಕಿ, ಸಾಕು.

ಟೇಬಲ್ಲಿನ ಅಂಕಿಗಳ ಬಗ್ಗೆಯೂ ಒಂದು ಮಾತು. ನಿಮ್ಮ ಎಕ್ಸೆಲ್ 4,237,615 ಅಂತ ತೋರಿಸುತ್ತಿದ್ದರೆ ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ ಅನ್ನು ಇಂಗ್ಲಿಷ್ (ಇಂಡಿಯಾ) ಅಂತ ಆರಿಸಿ, 42,37,615 ಆಗುತ್ತದೆ. ಒಟ್ಟು ವ್ಯಾಪಾರ ಹೇಳುವ ಕಡೆ 42.4 ಲಕ್ಷ ಅಂದರೆ ಇನ್ನೂ ಸುಲಭ. ಪೈಸೆಯವರೆಗಿನ ಲೆಕ್ಕ ಆಡಿಟರ್‌ಗೆ ಕೊಡುವ ಶೀಟಿನಲ್ಲಿರಲಿ.