ಫೋಲ್ಡರ್ ಮರ ಹತ್ತಲು ಎಷ್ಟು ಆಳು ಬೇಕು?

ಶಿವಮೊಗ್ಗದ ಸ್ಟುಡಿಯೋವೊಂದರ ಡಿಸ್ಕ್ ಅಂದುಕೊಳ್ಳಿ: ಮದುವೆ, ಜೋಗ, ಆಗುಂಬೆ ಮಳೆ, ಒಂದರೊಳಗೊಂದು ಫೋಲ್ಡರ್. ಇದನ್ನು ಜಾಲಾಡುವ ಪ್ರೋಗ್ರಾಂನಲ್ಲಿ ಥ್ರೆಡ್ (ಒಟ್ಟೊಟ್ಟಿಗೆ ದುಡಿಯುವ ಆಳು) ಹೆಚ್ಚಿಸುವ ಮೊದಲು ದಂಡದ ಕೆಲಸ ನಿಲ್ಲಿಸಿ. ಲಿನಕ್ಸ್‌ನಲ್ಲಿ ಫೋಲ್ಡರ್ ಓದುವಾಗಲೇ ಪ್ರತಿ ಹೆಸರೂ ಫೈಲೋ ಫೋಲ್ಡರೋ ಎಂಬುದು ಸಾಮಾನ್ಯವಾಗಿ ಗೊತ್ತಾಗುತ್ತದೆ. ಮತ್ತೆ ಒಂದೊಂದಕ್ಕೂ ‘ಸ್ಟ್ಯಾಟ್’ (ಫೈಲಿನ ವಿವರ ಕೇಳುವ ಕರೆ) ಮಾಡಬೇಕಿಲ್ಲ. ಪೈಥಾನ್ ಭಾಷೆಯ 3.5ರಲ್ಲಿ ಸ್ಕ್ಯಾನ್‌ಡಿರ್, ಗೋ ಭಾಷೆಯ 1.16ರಲ್ಲಿ ವಾಕ್‌ಡಿರ್ ಎಂಬ ಫಂಕ್ಷನ್‌ಗಳು ಬಂದದ್ದು ಇದಕ್ಕೇ.

ಇನ್ನು ಆಳುಗಳು. ಪ್ರತಿ ವರ್ಕರ್ (ಆಳಾಗಿ ದುಡಿಯುವ ಥ್ರೆಡ್) ಕ್ಯೂನಿಂದ, ಅಂದರೆ ಕೆಲಸದ ಸಾಲಿನಿಂದ, ಒಂದು ಫೋಲ್ಡರ್ ಎತ್ತಿಕೊಂಡು ಓದಿ, ಒಳಗಿನ ಫೋಲ್ಡರ್‌ಗಳನ್ನು ಅದೇ ಕ್ಯೂಗೆ ಹಾಕುತ್ತದೆ. ಎಡವುವುದು ಇಲ್ಲೇ. ಕ್ಯೂಗೆ 100ರ ಮಿತಿ ಇಟ್ಟಿರಿ, 8 ವರ್ಕರ್‌ಗಳಿಗೂ ದೊಡ್ಡ ಫೋಲ್ಡರೇ ಸಿಕ್ಕಿತು ಅನ್ನಿ: ಎಲ್ಲವೂ ಹಾಕಲು ಕಾಯುತ್ತವೆ, ತೆಗೆಯುವವರೇ ಇಲ್ಲ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನೂ ಕೆಳಗೆ ಹಗ್ಗ ಹಿಡಿಯುವವನೂ ಇಬ್ಬರೂ ಮರದ ಮೇಲೇ ಕೂತಂತೆ! ಕ್ಯೂ ಬದಲು ಮಿತಿಯಿಲ್ಲದ ಸ್ಟ್ಯಾಕ್ (ಒಂದರ ಮೇಲೊಂದು ಪೇರಿಸಿದ ರಾಶಿ) ಬಳಸಿ, ಇಬ್ಬರು ಒಟ್ಟಿಗೆ ಕೈಹಾಕದಂತೆ ಲಾಕ್ ಹಾಕಿ. ಕೊನೆಗೆ ಬಂದದ್ದನ್ನು ಮೊದಲು ತೆಗೆದರೆ ಮೆಮೊರಿಯೂ ಸಾಮಾನ್ಯವಾಗಿ ಕಡಿಮೆ ಸಾಕು.

ಸ್ಟ್ಯಾಕ್ ಖಾಲಿ ಅಂದರೆ ಕೆಲಸ ಮುಗಿಯಿತು ಅಂತಲ್ಲ, ಯಾವುದೋ ವರ್ಕರ್ ಇನ್ನೂ ಓದುತ್ತಿರಬಹುದು. ಬಾಕಿ ಎಣಿಕೆ ಇಡಿ: ಮರಿ ಫೋಲ್ಡರ್ ಹಾಕುವ ಮುಂಚೆ ಒಂದು ಕೂಡಿಸಿ, ತಾಯಿ ಫೋಲ್ಡರ್ ಪೂರ್ತಿ ಓದಿದ ಮೇಲೆ ಒಂದು ಕಳೆಯಿರಿ. ಕ್ರಮ ತಿರುಗಿದರೆ ಎಣಿಕೆ ಅವಧಿಗೆ ಮುಂಚೆಯೇ ಸೊನ್ನೆ ಆಗಬಹುದು. ಎಣಿಕೆ ಸೊನ್ನೆಯಾದಾಗಲೇ ಕೆಲಸ ಮುಗಿದಂತೆ.

ಸಿಮ್‌ಲಿಂಕ್ (ಬೇರೆ ಫೋಲ್ಡರ್‌ನತ್ತ ಬೊಟ್ಟು ಮಾಡುವ ಕೊಂಡಿ) ಹಿಂಬಾಲಿಸಬೇಡಿ, ಅದು ಮೇಲಿನ ಫೋಲ್ಡರ್‌ಗೇ ಮರಳಿದರೆ ಸುತ್ತುತ್ತಲೇ ಇರಬೇಕಾದೀತು. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಡಿಸ್ಕ್‌ಗೆ 8 ವರ್ಕರ್‌ಗಳಿಂದ ಶುರುಮಾಡಿ. ತಿರುಗುವ ಹಳೇ ಡಿಸ್ಕ್‌ಗೆ ಒಂದೆರಡೇ ಸಾಕು, ಹೆಚ್ಚಾದರೆ ಅದರ ಓದುವ ಹೆಡ್ ಅತ್ತಿತ್ತ ಓಡಾಡಿಯೇ ಸುಸ್ತು. ಎರಡನೇ ಸಲ ಬೇಗ ಮುಗಿದರೆ ಹಿಗ್ಗಬೇಡಿ, ಅದು ಕ್ಯಾಶ್‌ನ (ಮೊದಲ ಸಲ ಓದಿದ್ದನ್ನು ಮೆಮೊರಿಯಲ್ಲಿ ಉಳಿಸಿಕೊಂಡದ್ದರ) ಕೃಪೆ ಇರಬಹುದು.