ಒಂದು ಚದರ ಮೈಲಿಯ ಊರಲ್ಲಿ ಒಂದು ಓಟು

2017ರಲ್ಲಿ ನಮ್ಮ ಮನೆಗೆ ಇದ್ದದ್ದು ಒಂದೇ ಓಟು, ಅದು ನನ್ನದು. ಆ ವರ್ಷದ ಆಗಸ್ಟಿನಲ್ಲಿ ನ್ಯೂವಾರ್ಕಿಗೆ ಹೋಗಿ, ಬಲಗೈ ಎತ್ತಿ ಪ್ರಮಾಣ ಮಾಡಿ, ಅಮೆರಿಕದ ಪ್ರಜೆಯಾಗಿದ್ದೆ. ಮನೆಯವರ ಅರ್ಜಿ ಇನ್ನೂ ಬಾಕಿ ಇತ್ತು. ಮಗಳಿಗೆ ಒಂಬತ್ತು ವರ್ಷ. ನವೆಂಬರ್ 7ಕ್ಕೆ ನಾವಿರುವ ಹೊಬೋಕನ್ನಿನಲ್ಲಿ ಮೇಯರ್ ಚುನಾವಣೆ.

ಹೊಬೋಕನ್ ನ್ಯೂಜೆರ್ಸಿಯ ಅಂಚಿನ ಊರು. ಹಡ್ಸನ್ ನದಿಯ ಈಚೆ ದಡದಲ್ಲಿದೆ, ಆಚೆಗೆ ಮ್ಯಾನ್‌ಹಟನ್. ಹೆಚ್ಚುಕಡಿಮೆ ಒಂದೇ ಚದರ ಮೈಲಿ, ಆಗ ಐವತ್ತು ಸಾವಿರ ಚಿಲ್ಲರೆ ಜನ. ನನ್ನ ತವರು ದಾವಣಗೆರೆಯಲ್ಲಿ ಮೇಯರನ್ನು ಆರಿಸುವವರು ಪಾಲಿಕೆ ಸದಸ್ಯರು. ಇಲ್ಲಿ ಜನರೇ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ, ಮತಪತ್ರದ ಮೇಲೆ ಪಕ್ಷದ ಹೆಸರು ಇರುವುದಿಲ್ಲ. ಆ ಸಲ ಕಣದಲ್ಲಿದ್ದವರು ಆರು ಮಂದಿ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬೀಳದಿದ್ದರೆ ಮೊದಲ ಇಬ್ಬರ ನಡುವೆ ಎರಡನೇ ಸುತ್ತು ನಡೆಸುವ ಪದ್ಧತಿ ಮೊದಲಿತ್ತು. 2012ರಲ್ಲಿ ಜನರೇ ಮತ ಹಾಕಿ ಅದನ್ನು ತೆಗೆದಿದ್ದರು. ಹಾಗಾಗಿ ಆ ಸಲ, ನಮ್ಮ ಕಡೆಯ ವಿಧಾನಸಭೆ ಚುನಾವಣೆಯಂತೆಯೇ, ಎಲ್ಲರಿಗಿಂತ ಹೆಚ್ಚು ಯಾರಿಗೆ ಬಿತ್ತೋ ಅವರೇ ಮೇಯರ್.

ನನಗಿದ್ದ ಚಿಂತೆ ನೀರಿನದು. ಊರಿನ ಪಡುವಣ ಭಾಗ ಹಿಂದೆ ಜೌಗು ನೆಲ, ನಮ್ಮ ಬಾಡಿಗೆ ಮನೆ ಇರುವುದು ಅಲ್ಲೇ, ನೆಲಮಹಡಿಯಲ್ಲಿ. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಬಂದಾಗ ನದಿ ಊರೊಳಕ್ಕೆ ನುಗ್ಗಿತು. ನುಗ್ಗಿದ ನೀರು ಬಟ್ಟಲಲ್ಲಿ ನಿಂತಂತೆ ನಿಂತಿತು. ಚರಂಡಿ ನೀರು, ಡೀಸೆಲ್ ಎಲ್ಲಾ ಬೆರೆತ ಆ ನೀರಿನ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಮೇಲಿನ ಮಹಡಿಯವರ ಮನೆಯಲ್ಲಿ ಎರಡು ರಾತ್ರಿ ಕಳೆದೆವು. ನ್ಯಾಷನಲ್ ಗಾರ್ಡ್‌ನವರು ದೊಡ್ಡ ಲಾರಿಗಳಲ್ಲಿ ಬಂದು ಜನರನ್ನು ಕರೆದೊಯ್ದದ್ದನ್ನು ಕಿಟಕಿಯಿಂದ ನೋಡಿದೆ. ಆಮೇಲೆ ಪ್ರವಾಹ ತಡೆಯಲು ಕೇಂದ್ರ ಸರ್ಕಾರದಿಂದ 23 ಕೋಟಿ ಡಾಲರ್ ಮಂಜೂರಾಯಿತು. ಆ ಹಣದಲ್ಲಿ ಗೋಡೆ ಎಲ್ಲಿ, ಪಂಪು ಎಲ್ಲಿ ಎಂಬುದನ್ನು ಯಾರು ಸರಿಯಾಗಿ ನೋಡಿಕೊಳ್ಳುತ್ತಾರೆ? ನನ್ನ ಓಟು ಅವರಿಗೆ ಎಂದುಕೊಂಡಿದ್ದೆ. ಮನಸ್ಸು ಇಬ್ಬರ ನಡುವೆ ತೂಗುತ್ತಿತ್ತು. ಅವರಲ್ಲೊಬ್ಬರು ರವಿ ಭಲ್ಲಾ. ನ್ಯೂಜೆರ್ಸಿಯಲ್ಲೇ ಹುಟ್ಟಿ ಬೆಳೆದ ಸಿಖ್ ವಕೀಲರು, 2009ರಿಂದ ನಗರಸಭೆಯ ಸದಸ್ಯರು. ಅಧಿಕಾರದಲ್ಲಿದ್ದ ಮೇಯರ್ ಡಾನ್ ಝಿಮ್ಮರ್ ತಾವು ನಿಲ್ಲದೆ ಅವರನ್ನು ಬೆಂಬಲಿಸಿದ್ದರು.

ಅಕ್ಟೋಬರ್ 31ರಂದು ನದಿಯಾಚೆ, ಸೈಕಲ್ ದಾರಿಯ ಮೇಲೆ ಒಬ್ಬ ಲಾರಿ ನುಗ್ಗಿಸಿ ಎಂಟು ಜನರನ್ನು ಕೊಂದ. ಮಕ್ಕಳು ಹ್ಯಾಲೊವೀನ್ ವೇಷದಲ್ಲಿ ಚಾಕಲೇಟು ಕೇಳುತ್ತಾ ಓಡಾಡುತ್ತಿದ್ದ ಸಂಜೆ ಅದು. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದದ್ದನ್ನು ಈ ದಡದಿಂದ ಕಣ್ಣಾರೆ ಕಂಡ, ಐವತ್ತಕ್ಕೂ ಹೆಚ್ಚು ಮಂದಿಯನ್ನು ಅಂದು ಕಳೆದುಕೊಂಡ ಊರು ಹೊಬೋಕನ್. ಭಯೋತ್ಪಾದನೆ ಎಂಬ ಮಾತು ಇಲ್ಲಿನವರ ಎದೆಗೆ ನೇರವಾಗಿ ತಾಗುತ್ತದೆ.

ಅದಾದ ಮೂರೇ ದಿನಕ್ಕೆ ಕಾರುಗಳ ವೈಪರ್ ಕೆಳಗೆ ಚೀಟಿ ಬಂತು. ಭಲ್ಲಾ ಅವರ ಪೇಟ ತೊಟ್ಟ ಫೋಟೋ, ಅದರ ಮೇಲೆ ಕೆಂಪಕ್ಷರದಲ್ಲಿ 'ನಮ್ಮ ಊರನ್ನು ಭಯೋತ್ಪಾದನೆ ಆಕ್ರಮಿಸಲು ಬಿಡಬೇಡಿ' ಎಂಬ ಅರ್ಥದ ಸಾಲು. ಇನ್ನೊಬ್ಬ ಅಭ್ಯರ್ಥಿಯ ಪ್ರಚಾರಪತ್ರದ ಮೇಲೆಯೇ ಅದನ್ನು ಮುದ್ರಿಸಿದ್ದರು. ಆ ಅಭ್ಯರ್ಥಿ ಇದು ತನ್ನದಲ್ಲ ಎಂದು ಹೇಳಿ ಖಂಡಿಸಿದರು.

ನಾನು ನೋಡಿದ್ದು ಶನಿವಾರ ಬೆಳಿಗ್ಗೆ. ಪಕ್ಕದ ಮನೆಯ ಮುದುಕರು ಬೀದಿಯುದ್ದಕ್ಕೂ ಒಂದೊಂದೇ ಕಾರಿನ ಗಾಜಿನ ಮೇಲೆ ಕಣ್ಣಾಡಿಸುತ್ತಾ ಬರುತ್ತಿದ್ದರು. ಅವರ ಅಜ್ಜ ಇಟಲಿಯಿಂದ ಬಂದು ಇಲ್ಲಿನ ಹಡಗುಕಟ್ಟೆಯಲ್ಲಿ ದುಡಿದವರು. ಇವರ ಕೈಯಲ್ಲಿ ಐದಾರು ಚೀಟಿ. 'ನಿನ್ನ ಮಗಳು ಹೊರಗೆ ಬರೋಕೆ ಮುಂಚೆ ತೆಗೆದುಬಿಡೋಣ ಅಂತ' ಎಂದರು. ಒಂದನ್ನು ಕೇಳಿ ಇಸಿದುಕೊಂಡೆ. ಅವರ ಮನೆಯ ಕಿಟಕಿಯಲ್ಲಿ ಬೇರೆ ಅಭ್ಯರ್ಥಿಯ ಬೋರ್ಡು ಇತ್ತು. ಅದು ಅಲ್ಲೇ ಉಳಿಯಿತು.

ನಾನು ಸಿಖ್ ಅಲ್ಲ. ಆದರೂ ಆ ಚೀಟಿ ನನ್ನನ್ನೇ ಕುರಿತು ಬರೆದದ್ದು ಎನ್ನಿಸಿತು. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿದ ದಿನ ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ. ಅದನ್ನು ಕೊಟ್ಟು ಪಡೆದ ಊರಿನಲ್ಲಿ ಇದಾ? ಆ ಗಳಿಗೆಯಲ್ಲೇ ಭಲ್ಲಾಗೆ ಓಟು ಎಂದು ತೀರ್ಮಾನಿಸಿದೆ. ಸಂಜೆಯ ಹೊತ್ತಿಗೆ ಆ ತೀರ್ಮಾನವೇ ಚುಚ್ಚತೊಡಗಿತು. ಪೇಟದ ಕಾರಣಕ್ಕೆ ಬೇಡ ಅನ್ನುವವರು ಅವರು, ಪೇಟದ ಕಾರಣಕ್ಕೆ ಬೇಕು ಅನ್ನುತ್ತಿರುವವಳು ನಾನು. ನನ್ನ ನೀರಿನ ಲೆಕ್ಕ ಎಲ್ಲಿ ಹೋಯಿತು?

ಊರಿಗೆ ಫೋನು ಮಾಡಿದೆ. ಅಪ್ಪ ಮೇಷ್ಟ್ರಾಗಿದ್ದವರು. ಎಷ್ಟೋ ಚುನಾವಣೆಗಳಲ್ಲಿ ಮಸ್ಟರಿಂಗ್ ಕೇಂದ್ರದಿಂದ ಮತಪೆಟ್ಟಿಗೆ ಹೊತ್ತು ಹಳ್ಳಿಗಳಿಗೆ ಹೋಗಿ, ಶಾಲೆಯ ಬೆಂಚಿನ ಮೇಲೆ ಮಲಗಿ, ಅರಗಿನ ಮುದ್ರೆ ಒತ್ತಿ ತಂದವರು. ಯಾರಿಗೆ ಓಟು ಹಾಕಿದರೆಂದು ಅಮ್ಮನಿಗೂ ಹೇಳಿದವರಲ್ಲ. ಎಲ್ಲಾ ಕೇಳಿಸಿಕೊಂಡು, 'ಆ ಚೀಟಿ ಬರೋಕೆ ಮುಂಚೆ ಯಾರಿಗೆ ಹಾಕ್ಬೇಕು ಅಂತಿದ್ದೆ?' ಅಂದರು.

'ಇನ್ನೂ ಗೊತ್ತಾಗಿರ್ಲಿಲ್ಲ ಅಪ್ಪ.'

'ಹಂಗಾದ್ರೆ ಕೂತು ಮತ್ತೆ ಓದು.'

ಭಾನುವಾರ ರಾತ್ರಿ ಚೀಟಿಯನ್ನು ಡ್ರಾಯರಿಗೆ ಹಾಕಿ, ಇಬ್ಬರೂ ಪ್ರವಾಹದ ಕೆಲಸದ ಬಗ್ಗೆ ಹೇಳಿದ್ದನ್ನೆಲ್ಲ ಓದಿದೆ. ಝಿಮ್ಮರ್ ಶುರು ಮಾಡಿದ ಕೆಲಸ ನಡುವೆ ನಿಲ್ಲಬಾರದು ಎಂಬುದು ಗಟ್ಟಿಯಾಯಿತು.

ಮಂಗಳವಾರ ಬೆಳಿಗ್ಗೆ ಮಗಳ ಕೈ ಹಿಡಿದು ಮತಗಟ್ಟೆಗೆ ಹೋದೆ. ಪುಸ್ತಕದಲ್ಲಿ ನನ್ನ ಹೆಸರಿನ ಪಕ್ಕ, ನೋಂದಣಿ ಅರ್ಜಿಯಲ್ಲಿ ನಾನೇ ಮಾಡಿದ್ದ ಸಹಿ ಅಚ್ಚಾಗಿತ್ತು. ಅದರ ಹತ್ತಿರ ಮತ್ತೆ ಸಹಿ ಹಾಕಿಸಿ ಎರಡನ್ನೂ ಹೋಲಿಸಿ ನೋಡಿದರು. ಗುರುತಿನ ಚೀಟಿ ಕೇಳಲಿಲ್ಲ, ಬೆರಳಿಗೆ ಶಾಯಿ ಇಲ್ಲ. ಪರದೆಯೊಳಗೆ ನಿಂತಾಗ ಕೈ ನಡುಗಿದ್ದು ನಿಜ. ಅಪ್ಪನ ನಿಯಮ ಮುರಿದು ಹೇಳುತ್ತಿದ್ದೇನೆ, ಭಲ್ಲಾಗೆ ಹಾಕಿದೆ. ಆ ಚೀಟಿ ಬರದಿದ್ದರೂ ಹಾಕುತ್ತಿದ್ದೆನೇ? ಹಾಕುತ್ತಿದ್ದೆ ಅನ್ನಿಸುತ್ತದೆ. ಆಣೆ ಇಟ್ಟು ಹೇಳಲಾರೆ.

ರಾತ್ರಿ ಅವರು ಗೆದ್ದರು, ನ್ಯೂಜೆರ್ಸಿಯ ಮೊದಲ ಸಿಖ್ ಮೇಯರ್ ಆದರು. ನ್ಯೂಜೆರ್ಸಿಯದೇ ಇನ್ನೊಂದು ಊರು ಎಡಿಸನ್ನಿನಲ್ಲಿ, ಶಾಲಾ ಮಂಡಳಿಗೆ ನಿಂತಿದ್ದ ಏಷ್ಯಾ ಮೂಲದ ಇಬ್ಬರನ್ನು ಗಡೀಪಾರು ಮಾಡಿ ಎಂದು ಯಾರೋ ಅಚ್ಚು ಹಾಕಿಸಿ ಅಂಚೆಯಲ್ಲಿ ಮನೆಮನೆಗೆ ಕಳಿಸಿದ್ದರು, ಆ ಇಬ್ಬರೂ ಗೆದ್ದರು. ಊರಿನಿಂದ ವಾಟ್ಸ್ಆ್ಯಪ್‌ನಲ್ಲಿ ಅಭಿನಂದನೆಗಳ ಸುರಿಮಳೆ. ಖುಷಿಪಟ್ಟೆ, ಕಣ್ಣೂ ತುಂಬಿತು. ಆದರೆ ಭಲ್ಲಾ ಅವರಿಗೆ ಬಿದ್ದದ್ದು ಒಟ್ಟು ಓಟಿನಲ್ಲಿ ಸುಮಾರು ಮೂರನೇ ಒಂದು ಪಾಲು. ಉಳಿದೆರಡು ಪಾಲನ್ನು ಚೀಟಿ ಹಂಚಿದವರ ಖಾತೆಗೆ ಸೇರಿಸಿ ಮಾತಾಡಿದವರನ್ನು ಆಮೇಲೆ ಕಂಡಿದ್ದೇನೆ, ಬೇಸರವಾಗಿದೆ. ಪಾರ್ಕಿಂಗ್, ಬಾಡಿಗೆ, ತೆರಿಗೆ ಎಂದು ಬೇರೆಯವರಿಗೆ ಹಾಕಿದವರು ನನ್ನ ಬೀದಿಯಲ್ಲೇ ಎಷ್ಟೋ ಜನ. ಪಕ್ಕದ ಮನೆಯ ಮುದುಕರೂ ಅವರಲ್ಲೊಬ್ಬರು.

ಮರುದಿನ ಬೆಳಿಗ್ಗೆ ಅವರು ಕಿಟಕಿಯ ಬೋರ್ಡು ಬಿಚ್ಚುತ್ತಿದ್ದರು. 'ನಮ್ಮವನು ಸೋತ' ಎಂದರು. ನಾನೇನೂ ಹೇಳಲಿಲ್ಲ. ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು, ರಸ್ತೆ ಮೂಲೆಯ ಚರಂಡಿ ಮಳೆ ಬಂದಾಗಲೆಲ್ಲ ಉಕ್ಕುತ್ತದೆ, ನಗರಸಭೆಯ ಸಭೆಯಲ್ಲಿ ಆ ವಿಷಯ ಎತ್ತಬೇಕು, ಬರ್ತೀಯಾ ಎಂದು ಕೇಳಿದರು. ಯಾವತ್ತು ಎಂದು ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ.