ಹೊಸ ಜೆಸಿಬಿಯೋ, ಹಳೆಯದೋ?

ತೀರ್ಥಹಳ್ಳಿ, ಹೊಸನಗರದ ಕಡೆ ಜೆಸಿಬಿ ಕೊಂಡು ಬಾಡಿಗೆಗೆ ಓಡಿಸಬೇಕೆಂದಿರುವವರು ಹೊಸದು ಒಳ್ಳೆಯದೋ, ಸೆಕೆಂಡ್ ಹ್ಯಾಂಡ್ ಸಾಕೋ ಎಂದು ಕೇಳಿದಾಗಲೆಲ್ಲ, ವರ್ಷಕ್ಕೆ ಎಷ್ಟು ಗಂಟೆ ಕೆಲಸ ಖಚಿತವಾಗಿ ಸಿಗುತ್ತದೆ ಎಂದು ನಾನು ಮೊದಲು ವಿಚಾರಿಸುತ್ತೇನೆ. ತೋಟದ ಬಸಿಗಾಲುವೆ ತೆಗೆಯುವುದು, ಧರೆ ಕಡಿಯುವುದು, ಮನೆಯ ನಿವೇಶನ ಸಮತಟ್ಟು ಮಾಡುವುದು, ಇವೆಲ್ಲ ನಮ್ಮಲ್ಲಿ ಹೆಚ್ಚಾಗಿ ಬೇಸಿಗೆಯ ಕೆಲಸಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಂತ್ರ ಬಹುಪಾಲು ನಿಂತೇ ಇರುತ್ತದೆ. ಬ್ಯಾಂಕಿನ ಕಂತಿಗೆ ಮಾತ್ರ ಮಳೆಗಾಲವಿಲ್ಲ.

25 ಲಕ್ಷ ರೂಪಾಯಿ ಸಾಲವನ್ನು ಶೇ. 10ರ ಬಡ್ಡಿಯಲ್ಲಿ ನಾಲ್ಕು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 63,400 ರೂಪಾಯಿ ಆಗುತ್ತದೆ. ಡೀಸೆಲ್, ಡ್ರೈವರ್ ಸಂಬಳ, ಗ್ರೀಸ್ ಎಲ್ಲ ಕಳೆದು ಗಂಟೆಗೆ 500 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೂ, ಇಡೀ ವರ್ಷದ ಕಂತನ್ನು ಎಂಟು ತಿಂಗಳಲ್ಲೇ ದುಡಿಯಬೇಕಾದವನಿಗೆ ತಿಂಗಳಿಗೆ 190 ಗಂಟೆ ಕೆಲಸ ಬೇಕು, ಮತ್ತು ಅಷ್ಟಾದರೂ ಮನೆಗೆ ಒಂದು ರೂಪಾಯಿಯೂ ಬಂದಿರುವುದಿಲ್ಲ.

ಹಳೆಯದನ್ನು ನೋಡಲು ಹೋಗುವವರು ಬೆಳಿಗ್ಗೆ ಬೇಗ, ಸಾಧ್ಯವಾದರೆ ಮುನ್ಸೂಚನೆ ಕೊಡದೆ ಹೋಗಿ, ಎಂಜಿನ್ ತಣ್ಣಗಿದೆಯೇ ಎಂದು ಕೈಯಿಟ್ಟು ನೋಡಿದ ಮೇಲೆಯೇ ಸ್ಟಾರ್ಟ್ ಮಾಡಿಸಬೇಕು, ಏಕೆಂದರೆ ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ಅರ್ಧ ರೋಗವನ್ನು ಮುಚ್ಚಿಡುತ್ತದೆ. ಆಯಿಲ್ ಹಾಕುವ ಮುಚ್ಚಳ ತೆರೆದಾಗ ಹೊಗೆ ರಭಸದಿಂದ ಬಂದರೆ ಪಿಸ್ಟನ್ ರಿಂಗುಗಳು ಸವೆದಿರುವ ಸಂಭವ ಹೆಚ್ಚು. ಮಣ್ಣು ತುಂಬಿದ ಬಕೆಟ್ಟನ್ನು ಮೇಲೆತ್ತಿ ಹಾಗೆಯೇ ಬಿಟ್ಟಾಗ ಅದು ಬೇಗ ಇಳಿಯತೊಡಗಿದರೆ ಅದನ್ನು ಎತ್ತುವ ಹೈಡ್ರಾಲಿಕ್ ಸಿಲಿಂಡರಿನ ಸೀಲು ಅಥವಾ ವಾಲ್ವಿನಲ್ಲಿ ದೋಷವಿರುತ್ತದೆ. ಬೂಮಿನ, ಅಂದರೆ ಅಗೆಯುವ ಉದ್ದ ತೋಳಿನ, ಬೆಸುಗೆಗಳನ್ನೂ, ಕೀಲುಗಳಲ್ಲಿನ ಪಿನ್ನು ಬುಷ್ಷುಗಳ ಸಡಿಲವನ್ನೂ ಗಮನಿಸಬೇಕು. ಗಂಟೆ ತೋರಿಸುವ ಮೀಟರನ್ನು ನಾನು ನಂಬುವುದಿಲ್ಲ. ಪೆಡಲಿನ ರಬ್ಬರು ಎಷ್ಟು ಸವೆದಿದೆ ಎಂಬುದೇ ಅದಕ್ಕಿಂತ ಪ್ರಾಮಾಣಿಕ ಸಾಕ್ಷಿ.

ಚಕ್ರದ ಯಂತ್ರಗಳಿಗೆ 2021ರ ಏಪ್ರಿಲ್‌ನಲ್ಲಿ ನಾಲ್ಕನೆಯ ಹಂತದ, 2025ರ ಜನವರಿಯಲ್ಲಿ ಐದನೆಯ ಹಂತದ ಹೊಗೆ ನಿಯಮಗಳು ಬಂದವು; ಅವನ್ನು ಪಾಲಿಸಲು ಎಂಜಿನ್‌ಗಳು ಎಲೆಕ್ಟ್ರಾನಿಕ್ ಆದವು. 2021ಕ್ಕೂ ಹಿಂದಿನ ಸಾಮಾನ್ಯ ಯಂತ್ರಗಳಲ್ಲಿ ಎಂಜಿನ್‌ಗೆ ಡೀಸೆಲ್ ಒದಗಿಸುವ ಮೆಕ್ಯಾನಿಕಲ್ ಪಂಪನ್ನು ಹತ್ತಿರದ ಪೇಟೆಯ ಡೀಸೆಲ್ ಪಂಪ್ ರಿಪೇರಿಯವರೇ ಬಿಚ್ಚಿ ಸರಿಮಾಡಬಲ್ಲರು. ಹೊಸ ಎಲೆಕ್ಟ್ರಾನಿಕ್ ಎಂಜಿನ್ ಕೆಟ್ಟರೆ ಕಂಪನಿಯವರು ಲ್ಯಾಪ್‌ಟಾಪ್ ಹಿಡಿದು ಘಟ್ಟದ ಮೂಲೆಯವರೆಗೆ ಬರುವ ತನಕ ಕಾಯಬೇಕಾಗಬಹುದು.

ಆರ್‌ಸಿಯಲ್ಲಿ ಫೈನಾನ್ಸಿನ ಹೆಸರಿದ್ದರೆ, ಸಾಲ ತೀರಿದೆ, ಆಕ್ಷೇಪಣೆ ಇಲ್ಲ ಎಂಬ ಪತ್ರ (ಎನ್‌ಒಸಿ) ಮತ್ತು ಆರ್‌ಸಿಯಿಂದ ಆ ಹೆಸರು ತೆಗೆಸುವ ಫಾರಂ 35 ಕೈಗೆ ಸಿಗದೆ ಮುಂಗಡ ಕೊಡಬಾರದು.

ಕ್ವಾರಿಯಲ್ಲೋ ಹೆದ್ದಾರಿ ಕಾಮಗಾರಿಯಲ್ಲೋ ವರ್ಷವಿಡೀ ಕೆಲಸದ ಕರಾರು ಇರುವವರು ಹೊಸದನ್ನೇ ಕೊಳ್ಳಲಿ, ಅಲ್ಲಿ ಯಂತ್ರ ಒಂದು ದಿನ ನಿಂತರೂ ನಷ್ಟ ದೊಡ್ಡದು. ಅಡಿಕೆ ತೋಟದ ಕೆಲಸವನ್ನೇ ನಂಬಿದವರಿಗೆ ಒಬ್ಬನೇ ಮಾಲೀಕನ ಕೈಯಲ್ಲಿದ್ದ ಹಳೆಯ ಯಂತ್ರ ಸಾಕು, ಆದರೆ ಹೈಡ್ರಾಲಿಕ್ ಪಂಪು ಮತ್ತು ಟಯರುಗಳಿಗೆಂದು ಸ್ವಲ್ಪ ಹಣವನ್ನು ಖರೀದಿಯ ದಿನವೇ ತೆಗೆದಿರಿಸಿಕೊಳ್ಳಬೇಕು.